ಅಜ್ಜಿ ಹಾಡದ ಹಾಡು

ನಿಶ್ಮಿತಾ ನಾಲ್ಕು ವರ್ಷಗಳಿಂದ ಒಂದು ವಿಡಿಯೋ ಗೇಮ್ ಮಾಡುತ್ತಿದ್ದಳು. ಚಿತ್ರ, ಕೋಡ್, ಸಂಗೀತ ಎಲ್ಲವೂ ಅವಳೊಬ್ಬಳದೇ. ವಾರವಿಡೀ ಮನೆಯಿರುವ ಠಾಕುರ್ಲಿಯಿಂದ ಲೋಕಲ್ ಗಾಡಿಯಲ್ಲಿ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗಿ ಯಾವುದೋ ವಿಮಾ ಕಂಪನಿಯ ಸಾಫ್ಟ್‌ವೇರಿನ ತಪ್ಪುಗಳನ್ನು ತಿದ್ದುವುದು. ಶನಿವಾರ ಭಾನುವಾರ ಬಂತೆಂದರೆ ಹೊರಕೋಣೆಯ ಕಿಟಕಿಯ ಬಳಿ ಲ್ಯಾಪ್‌ಟಾಪ್ ಹಿಡಿದು ಕೂರುವುದು. ತಂದೆ ಪ್ರೇಮನಾಥರು ತುರ್ಭೆಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಈಗ ಅವಳು ಮತ್ತು ತಾಯಿ ಜಯಲತಾ ಇಬ್ಬರೇ. ಮೂವತ್ತಾರು ವರ್ಷದ ಮಗಳು ರಜೆಯ ದಿನವೆಲ್ಲ ಪರದೆಯ ಮೇಲೆ ಗೊಂಬೆ ಓಡಿಸುತ್ತಾಳೆಂದು ಜಯಲತಾ ಯಾರಿಗೂ ಹೇಳುತ್ತಿರಲಿಲ್ಲ.

ಆಟದ ಹೆಸರು 'ನೇಜಿ'. ನಾಟಿಗೆಂದು ಬೆಳೆಸಿದ ಭತ್ತದ ಸಸಿಗೆ ತುಳುವಿನಲ್ಲಿ ಹೇಳುವ ಹೆಸರು ಅದು. ಒಬ್ಬ ಹುಡುಗಿ ತಲೆಯ ಮೇಲೆ ನೇಜಿಯ ಕಟ್ಟು ಹೊತ್ತು, ನೀರು ಏರುತ್ತಿರುವ ಗದ್ದೆಗಳನ್ನು ಒಂದೊಂದಾಗಿ ದಾಟಬೇಕು. ಕಟ್ಟು ಜಾರಬಾರದು, ಹುಡುಗಿ ಮುಳುಗಬಾರದು. ಆಟವೆಂದರೆ ಇಷ್ಟೇ. ನಿಶ್ಮಿತಾ ಗದ್ದೆ ನೋಡಿದ್ದು ಮೇ ತಿಂಗಳ ರಜೆಯಲ್ಲಿ, ಕಾರ್ಕಳದ ಹತ್ತಿರದ ಅಜ್ಜಿಮನೆಗೆ ಹೋದಾಗ ಮಾತ್ರ. ಆಗ ಗದ್ದೆಯಲ್ಲಿ ನೀರೂ ಇರುತ್ತಿರಲಿಲ್ಲ, ನೇಜಿಯೂ ಇರುತ್ತಿರಲಿಲ್ಲ. ಉಳಿದದ್ದನ್ನು ಅವಳು ಫೋಟೋಗಳನ್ನು ನೋಡಿ ಬರೆದಿದ್ದಳು.

ಆಟವನ್ನು ಆಡಿ ನೋಡಿದ ಕೆಲವರು ಚಿತ್ರಕ್ಕಿಂತ ಹೆಚ್ಚಾಗಿ ಮೆಚ್ಚಿದ್ದು ಅದರ ರಾಗವನ್ನು. ಸಣ್ಣ ರಾಗ, ಏರಿ ಏರಿ ಕೊನೆಗೆ ಕಾಲು ಜಾರಿದ ಹಾಗೆ ಇಳಿಯುವಂಥದ್ದು. ಒಂದು ಸಂಜೆ ಲೋಕಲ್ ಗಾಡಿ ಮುಂಬ್ರಾ ದಾಟುವಾಗ ತಾನಾಗಿಯೇ ಅವಳ ಬಾಯಿಗೆ ಬಂದಿತ್ತು. ಅವಳು ಸಂಗೀತ ಕಲಿತವಳಲ್ಲ. ಅಷ್ಟು ಚಂದದ ರಾಗ ತನಗೆ ಹೊಳೆದದ್ದು ಹೇಗೆಂದು ಅವಳಿಗೇ ಆಶ್ಚರ್ಯವಾಗಿತ್ತು.

ಸುಳ್ಳು ಹುಟ್ಟಿದ್ದು ವಾಶಿಯಲ್ಲಿ. ಹೀಗೆ ಸ್ವಂತವಾಗಿ ಗೇಮ್ ಮಾಡುವವರು ಅಲ್ಲಿನ ಒಂದು ಕೆಫೆಯ ಮಹಡಿಯಲ್ಲಿ ಆಗೀಗ ಸೇರುತ್ತಿದ್ದರು. ಚಿನ್ಮಯ್ ಎಂಬ ಮೈಸೂರಿನ ಹುಡುಗ ಅದನ್ನು ನಡೆಸುತ್ತಿದ್ದ. ಒಬ್ಬನ ಆಟದಲ್ಲಿ ಅವನ ಮುತ್ತಜ್ಜನ ದೋಣಿಯಿತ್ತು, ಇನ್ನೊಬ್ಬಳ ಆಟದಲ್ಲಿ ಅವಳ ಊರಿನ ಬಾವಿಯಿತ್ತು. ಎಲ್ಲರಿಗೂ ಹೇಳಿಕೊಳ್ಳಲು ಒಂದು ಊರು. ನಿಶ್ಮಿತಾಳ ಸರದಿ ಬಂದು ರಾಗ ಕೇಳಿಸಿದ ಮೇಲೆ ಚಿನ್ಮಯ್ ಕನ್ನಡದಲ್ಲೇ ಕೇಳಿದ:

"ಮೇಡಂ, ಸಖತ್ತಾಗಿದೆ. ಎಲ್ಲಿಂದ ಬಂತು ಈ ಟ್ಯೂನು?"

ಗೊತ್ತಿಲ್ಲ ಅಂದರೆ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲ ಅನ್ನಲು ಅವಳಿಗೆ ನಾಚಿಕೆಯಾಯಿತು. ಠಾಕುರ್ಲಿಯ ಎರಡು ಕೋಣೆಯ ಮನೆ, ಟ್ಯೂಷನ್ ಕ್ಲಾಸು, ಲೋಕಲ್ ಗಾಡಿ, ಟಿವಿ ಇವಿಷ್ಟೇ ತನ್ನ ಬಾಲ್ಯ ಎಂದು ದೋಣಿ ಬಾವಿಗಳ ನಡುವೆ ಹೇಳುವುದು ಹೇಗೆ?

"ನಮ್ಮ ಅಜ್ಜಿ ನೇಜಿ ನೆಡುವಾಗ ಹಾಡ್ತಿದ್ದದ್ದು," ಅಂದಳು.

ಕೆಫೆ ಚಪ್ಪಾಳೆ ತಟ್ಟಿತು. ಚಿನ್ಮಯ್ ಅದನ್ನು ವಿಡಿಯೋ ಮಾಡಿ ಹಾಕಿದ. ಅದು ಕೈಯಿಂದ ಕೈಗೆ ಹೋಗಿ, ಜಯಲತಾ ಹೋಗುವ ಡೊಂಬಿವಲಿಯ ಭಜನಾ ಮಂಡಳಿಯ ವಾಟ್ಸಾಪ್ ಗುಂಪಿಗೂ ಬಂತು. ಮಂಡಳಿಯನ್ನು ನಡೆಸುವವರು ನಾಗವೇಣಿ ಎಂಬ ನಿವೃತ್ತ ಶಿಕ್ಷಕಿ. ಅವರು ಫೋನ್ ಮಾಡಿಯೇ ಬಿಟ್ಟರು. "ಜಯಲತಾ, ನಿಮ್ಮ ತಾಯಿ ಇಷ್ಟು ಚಂದ ಹಾಡ್ತಿದ್ರು ಅಂತ ಒಂದು ದಿನ ಆದ್ರೂ ಹೇಳಿದ್ದುಂಟಾ ನೀವು?"

ಆ ದಿನ ಊಟಕ್ಕೆ ಬಡಿಸುವಾಗ ಜಯಲತಾ ಕೇಳಿದರು. ತಾಯಿ ಮಗಳ ಮಾತು ಯಾವಾಗಲೂ ತುಳುವಿನಲ್ಲೇ. ಮಗಳದ್ದರಲ್ಲಿ ಅರ್ಧ ಹಿಂದಿ ಸೇರಿರುತ್ತಿತ್ತು.

"ಅಜ್ಜಿ ಹಾಡಿದ್ದು ನಿನಗೆ ನೆನಪುಂಟಾ?"

"ಸ್ವಲ್ಪ ಸ್ವಲ್ಪ," ಅಂದಳು ನಿಶ್ಮಿತಾ, ತಟ್ಟೆ ನೋಡುತ್ತ.

ಜಯಲತಾ "ಹ್ಮ್" ಅಂದು ಇನ್ನೊಂದು ಸೌಟು ಸಾರು ಹಾಕಿದರು. ಆಮೇಲೆ ಆ ಮಾತು ಎತ್ತಲಿಲ್ಲ. ಆದರೆ ಭಜನೆಯಲ್ಲಿ ಯಾವಾಗಲೂ ಹಿಂದಿನ ಸಾಲಿನ ಗೋಡೆಗೆ ಒರಗಿ ಕೂರುತ್ತಿದ್ದ ಅವರನ್ನು ನಾಗವೇಣಿ ಕೈ ಹಿಡಿದು ಮುಂದೆ ಕೂರಿಸತೊಡಗಿದರು. ರಾಗಕ್ಕೆ ತಾವೇ ತುಳುವಿನಲ್ಲಿ ಪದ ಹೊಂದಿಸಿದರು, ಮಳೆಯದ್ದು, ತವರಿನದ್ದು. ಮಂಡಳಿಯ ವಾರ್ಷಿಕೋತ್ಸವಕ್ಕೆ ಹೆಂಗಸರೆಲ್ಲ ಸೇರಿ ಅದನ್ನು ಹಾಡಿ ಕುಣಿಯುವುದೆಂದು ತೀರ್ಮಾನವಾಯಿತು. ಜಯಲತಾ ಹೊಸ ಸೀರೆಗೆ ಬ್ಲೌಸ್ ಹೊಲಿಯಲು ಕೊಟ್ಟು ಬಂದರು. ನಿಶ್ಮಿತಾ ನೋಡುತ್ತಲೇ ಇದ್ದಳು. ಒಮ್ಮೆ ಹೇಳಿದ ಮೇಲೆ ಅಜ್ಜಿ ನಿಜವಾಗಿಯೂ ಹಾಡುತ್ತಿದ್ದಿರಬಹುದೆಂದು ಅವಳಿಗೇ ಅನ್ನಿಸತೊಡಗಿತ್ತು. ತನ್ನ ಬಾಯಿಗೆ ಆ ರಾಗ ಬೇರೆಲ್ಲಿಂದ ಬರಬೇಕು?

ಆಟ ಮಾತ್ರ ಮುಗಿಯಲಿಲ್ಲ. ಕೊನೆಯ ಗದ್ದೆ ದಾಟಿದ ಹುಡುಗಿಗೆ ಮುಂದೇನಾಗಬೇಕೆಂದು ಹೊಳೆಯುತ್ತಿರಲಿಲ್ಲ. ಏನು ಬರೆದರೂ ಸಪ್ಪೆ. ಸಣ್ಣವರಿದ್ದಾಗ ಆಡುತ್ತಿದ್ದ ಗೇಮುಗಳು ಹೇಗೆ ಮುಗಿಯುತ್ತಿದ್ದವು ಎಂದು ನೋಡೋಣ ಅನ್ನಿಸಿ, ಒಂದು ಭಾನುವಾರ ದೊಡ್ಡಮ್ಮನ ಮಗ ಸುಜನನ ಮನೆಗೆ ಹೋದಳು. ಸುಜನ ಶಹಾಡ್ ಸ್ಟೇಷನ್ನಿನ ಹತ್ತಿರ, ಕಾರ್ಖಾನೆಯವರಿಗೆಂದು ತಿಂಡಿಯ ಹೋಟೆಲ್ ಇಟ್ಟಿದ್ದ. ಮನೆ ಹೋಟೆಲಿನ ಹಿಂದೆಯೇ. ಹಳೆಯ ಟಿವಿ ಗೇಮನ್ನು ಅವನು ಎಸೆದಿರಲಿಲ್ಲ. ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಹಳದಿ ಕ್ಯಾಸೆಟ್ಟಿನ ಬಾಯಿಗೆ ಹಿಂದಿನಂತೆಯೇ ಊದಿ ಸಿಕ್ಕಿಸಿದ.

ಇಬ್ಬರೂ ಮಧ್ಯಾಹ್ನವಿಡೀ ಆಡಿದರು. ಟ್ಯಾಂಕಿನ ಆಟ, ಬಾತುಕೋಳಿಗೆ ಗುಂಡು ಹೊಡೆಯುವ ಆಟ, ಬೈಕಿನ ಆಟ. ಸಮುದ್ರದಷ್ಟು ದೊಡ್ಡದೆಂದು ನೆನಪಿದ್ದ ಆಟಗಳೆಲ್ಲ ಅಂಗೈಯಗಲ. ಕೆಲವಕ್ಕೆ ಕೊನೆಯೇ ಇರಲಿಲ್ಲ. ಗೆದ್ದರೆ ಮತ್ತೆ ಮೊದಲಿನಿಂದ ಶುರು.

"ನಿನಗೆ ಯಾವಾಗ್ಲೂ ಎರಡನೇ ರಿಮೋಟು," ಸುಜನ ನಕ್ಕ. "ಅದರ ಬಟನ್ ಹಾಳಾಗಿತ್ತು, ಗೊತ್ತುಂಟಾ? ನಾನು ಹೇಳಿರ್ಲಿಲ್ಲ."

"ಗೊತ್ತಿತ್ತು ಅಣ್ಣ. ಆದ್ರೂ ಒತ್ತುತ್ತಿದ್ದೆ."

ನೋಡಿ ಮುಗಿಯದ ಕ್ಯಾಸೆಟ್ಟುಗಳನ್ನು ಚೀಲಕ್ಕೆ ಹಾಕಿ, ಗೇಮನ್ನೂ ಅವಳ ಕೈಗೆ ಕೊಟ್ಟು ಕಳಿಸಿದ. "ವಾಪಸ್ ಕೊಡ್ಬೇಕಂತಿಲ್ಲ. ನಿನ್ನದಕ್ಕೆ ಉಪಯೋಗ ಆದ್ರೆ ಸಾಕು."

ಮುಂದಿನ ಶನಿವಾರ ಬೆಳಿಗ್ಗೆ ಮನೆಯ ಟಿವಿಗೆ ಅದನ್ನು ಜೋಡಿಸಿದಳು. ಚೀಟಿ ಹರಿದುಹೋದ ಒಂದು ಕ್ಯಾಸೆಟ್ ಸಿಕ್ಕಿಸಿದಳು. ಪರದೆಯ ಮೇಲೆ ಹಿಮ ಸುರಿಯಿತು, ಕೈಯಲ್ಲಿ ದೀಪ ಹಿಡಿದ ಒಂದು ನರಿ ಬಂದು ನಿಂತಿತು. ಆಮೇಲೆ ರಾಗ ಶುರುವಾಯಿತು.

ಅದೇ ರಾಗ. ಏರಿ ಏರಿ ಕಾಲು ಜಾರಿ ಇಳಿಯುವ ಅದೇ ರಾಗ, ಒಂದು ಸ್ವರವೂ ಆಚೀಚೆಯಿಲ್ಲದೆ.

ಆಗ ಅವಳಿಗೆ ಎಲ್ಲ ನೆನಪಾಯಿತು. ಈ ನರಿಯ ಆಟ ಸುಜನನಿಗೆ ಬಹಳ ಇಷ್ಟ, ಅವಳಿಗೆ ಆಡಲು ಕೊಡುತ್ತಿರಲಿಲ್ಲ. ಅವನು ಸ್ನಾನಕ್ಕೋ ಊಟಕ್ಕೋ ಎದ್ದು ಹೋಗುವಾಗ "ಮುಟ್ಟಬೇಡ" ಎಂದು ಹೇಳಿ ಹೋಗುತ್ತಿದ್ದ. ಅವಳು ಮುಟ್ಟದೆ ನೆಲದ ಮೇಲೆ ಕೂತು, ಅವನು ಬರುವವರೆಗೆ ಮೊದಲ ಪರದೆಯ ಆ ರಾಗವನ್ನು ಕೇಳುತ್ತ ಕಾಯುತ್ತಿದ್ದಳು. ರಜೆಯೆಲ್ಲ ಹಾಗೆ ಕೇಳಿದ್ದು ಎಲ್ಲಿ ಹೋಗಬೇಕು? ಒಳಗೆ ಕೂತಿತ್ತು.

ಅಡುಗೆಮನೆಯಿಂದ ಜಯಲತಾ ಕೂಗಿದರು. "ನಿನ್ನ ಗೇಮ್ ಮುಗೀತಾ? ಅಜ್ಜಿಯ ಹಾಡು ಕೇಳಿಸ್ತಾ ಉಂಟು."

ನಿಶ್ಮಿತಾ ಟಿವಿಯ ದನಿ ಪೂರ್ತಿ ಇಳಿಸಿದಳು. "ಇಲ್ಲ ಅಮ್ಮ, ಟೆಸ್ಟ್ ಮಾಡ್ತಿದ್ದೆ," ಅಂದಳು. ನರಿ ಸದ್ದಿಲ್ಲದೆ ದೀಪ ಆಡಿಸುತ್ತಿತ್ತು.

ಹೇಳಲು ಅವಳಿಗೆ ಸಮಯವಿಲ್ಲದೆ ಇರಲಿಲ್ಲ. ವಾರ್ಷಿಕೋತ್ಸವಕ್ಕೆ ಇನ್ನೂ ಎರಡು ವಾರವಿತ್ತು. ಪ್ರತಿದಿನ ಹೇಳಬೇಕೆಂದೇ ಏಳುತ್ತಿದ್ದಳು. ತಾಯಿ ಬ್ಲೌಸಿನ ತೋಳು ಸರಿಯಾಗಿದೆಯೇ ಎಂದು ಕನ್ನಡಿಯ ಮುಂದೆ ನಿಂತು ಕೇಳುತ್ತಿದ್ದರು. ನಾಗವೇಣಿಯವರ ಮನೆಯ ಅಭ್ಯಾಸದ ವಿಡಿಯೋಗಳು ಬರುತ್ತಿದ್ದವು. ಅವಳು ಗೇಮನ್ನು ಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದಳು.

ವಾರ್ಷಿಕೋತ್ಸವ ನಡೆದದ್ದು ಡೊಂಬಿವಲಿ ಪೂರ್ವದ ಒಂದು ಶಾಲೆಯ ಸಭಾಂಗಣದಲ್ಲಿ. ಹತ್ತು ಹನ್ನೆರಡು ಹೆಂಗಸರು ಚೌಕುಳಿ ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಹಸಿರು ಕಾಗದದ ನೇಜಿ ಹಿಡಿದು ಬಗ್ಗಿ ನಿಂತು ಹಾಡಿದರು. ಹಿಂದಿನ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಅದನ್ನು ನೋಡಿದ ನಿಶ್ಮಿತಾಳಿಗೆ ಕುರ್ಚಿಯ ಕೆಳಗೆ ಹೊಕ್ಕಿಬಿಡಬೇಕು ಅನ್ನಿಸಿತು. ಹಾಡು ಮುಗಿದ ಮೇಲೆ ನಾಗವೇಣಿ ಜಯಲತಾರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಜಯಲತಾ ಕೈ ಮುಗಿದರು; ಮೈಕ್ ಕೊಟ್ಟರೂ ಒಂದು ಮಾತೂ ಆಡಲಿಲ್ಲ.

ಉಪಾಹಾರದ ಹೊತ್ತಿಗೆ ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾಗ ಸುಜನ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಚಿಕ್ಕಮ್ಮ ಕರೆದಿದ್ದಾರೆಂದು ಹೋಟೆಲನ್ನು ಕೆಲಸದವರಿಗೆ ಬಿಟ್ಟು ಬಂದಿದ್ದ. ಮುಖದ ತುಂಬ ನಗು. ಎರಡೂ ಹೆಬ್ಬೆರಳುಗಳನ್ನು ಗಾಳಿಯಲ್ಲಿ ಕುಣಿಸುತ್ತ ರಾಗ ಗುನುಗುತ್ತಿದ್ದ.

"ಏ ನಿಶ್ಮಿ! ಅರೆ, ಇದು ನಮ್ಮ ನರಿ ಗೇಮ್‌ದು ಮಾರಾಯ್ತಿ! ದೀಪದ ನರಿ! ಇವ್ರು ಯಾಕೆ ಸೀರೆ ಎತ್ತಿ ಕಟ್ಟಿ ಇದನ್ನು ಹಾಡೋದು?"

ಪಕ್ಕದಲ್ಲಿ ಜಯಲತಾ ಇದ್ದರು, ನಾಗವೇಣಿ ಇದ್ದರು, ಮಂಡಳಿಯ ಇನ್ನೂ ಕೆಲವರಿದ್ದರು.

"ಎಂತ ನರಿ?" ನಾಗವೇಣಿ ಕೇಳಿದರು. "ಇದು ಜಯಲತಾರ ತಾಯಿ ಗದ್ದೆಯಲ್ಲಿ ಹಾಡ್ತಿದ್ದ ಹಾಡು."

"ಯಾರು, ನಮ್ಮ ಅಜ್ಜಿಯಾ?" ಸುಜನನಿಗೆ ನಗು ತಡೆಯಲಾಗಲಿಲ್ಲ. "ಅಜ್ಜಿ ಬೈದದ್ದು ಕೇಳಿದ್ದೇನೆ, ಹಾಡಿದ್ದು ಕೇಳಲಿಲ್ಲ."

ಜಯಲತಾ ತಟ್ಟನೆ ಅಂದರು, "ಇವನಿಗೆ ಸಣ್ಣದಿರುವಾಗಿಂದ ಗೇಮಿನ ಹುಚ್ಚು. ದೇವಸ್ಥಾನದ ಗಂಟೆ ಕೇಳಿದ್ರೂ ಗೇಮ್ ಅಂತಾನೆ." ಸುತ್ತ ನಿಂತವರು ನಕ್ಕರು.

ಸುಜನ ನಿಶ್ಮಿತಾಳ ಕಡೆ ತಿರುಗಿದ. "ನೀನೇ ಹೇಳು. ಕ್ಯಾಸೆಟ್ ನಿನ್ನ ಹತ್ರವೇ ಉಂಟಲ್ಲ. ಹೇಳು."

ಎಲ್ಲರೂ ಅವಳನ್ನು ನೋಡಿದರು.

"ನನಗೆ ನೆನಪಿಲ್ಲ ಅಣ್ಣ," ಅಂದಳು. "ಬೇರೆ ಯಾವುದೋ ಇರ್ಬೇಕು."

ಸುಜನನ ಹೆಬ್ಬೆರಳುಗಳು ನಿಂತವು. ಅವಳ ಮುಖವನ್ನು ಒಂದು ಕ್ಷಣ ನೋಡಿದ. ಏನೋ ಅರ್ಥವಾದವನಂತೆ ತಲೆಯಾಡಿಸಿ, "ಇರ್ಬಹುದು. ನನಗೇ ತಪ್ಪಿರ್ಬೇಕು," ಅಂದ. ಉಪಾಹಾರದ ತಟ್ಟೆ ಮುಟ್ಟದೆ, ಹೋಟೆಲಿನಲ್ಲಿ ಕೆಲಸ ಇದೆಯೆಂದು ಹೊರಟುಹೋದ. ಎಲ್ಲರ ನಡುವೆ ಅವನನ್ನು ಪೆದ್ದನನ್ನಾಗಿ ಮಾಡಿ ನಿಲ್ಲಿಸಿದ್ದಳು ಅವಳು. ಅವನು ಅದನ್ನು ಅವಳಿಗಾಗಿ ಒಪ್ಪಿಕೊಂಡು ಹೋಗಿದ್ದ.

ಮನೆಯೊಳಗೆ ಬಂದು, ಶಾಲನ್ನು ಮಡಚುತ್ತ ಜಯಲತಾ ಅಂದರು:

"ಮಂಚದ ಕೆಳಗಿಂದ ಅದನ್ನು ತೆಗೆದು ಅವನಿಗೆ ಕೊಟ್ಟು ಬಾ."

ನಿಶ್ಮಿತಾ ಬಾಗಿಲಲ್ಲೇ ನಿಂತಳು. "ನಿಮಗೆ ಗೊತ್ತಿತ್ತಾ?"

"ಕಸ ಗುಡಿಸುವವಳು ನಾನಲ್ವಾ? ರಾಗ ಗೇಮಿನದ್ದು ಅಂತ, ಚೀಲ ಅಡಗಿಸಿಟ್ಟದ್ದು ನೋಡಿದ ಆವತ್ತೇ ಗೊತ್ತಾಯ್ತು. ನನ್ನ ಅಮ್ಮ ಹಾಡಲಿಲ್ಲ ಅನ್ನೋದು ಮೊದಲೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎಂತ ಹೇಳೋದು? ನನ್ನ ಮಗಳು ಸುಳ್ಳು ಹೇಳಿದ್ದು ಅಂತ ನಾಲ್ಕು ಜನರ ಎದುರು ಹೇಳ್ಲಾ?" ಜಯಲತಾ ಮಂಚದ ಅಂಚಿನಲ್ಲಿ ಕೂತರು. ದನಿ ತಗ್ಗಿತು. "ಮತ್ತೆ, ಮುಂದೆ ಕೂರಿಸಿದ್ರಲ್ಲ ನನ್ನನ್ನು. ಖುಷಿಯಾಗ್ತಿತ್ತು."

ನಿಶ್ಮಿತಾಳಿಗೆ ಅಳು ಬಂತು. ಜಯಲತಾ ಸಮಾಧಾನ ಮಾಡಲಿಲ್ಲ.

"ನನ್ನ ಅಮ್ಮ ಗದ್ದೆಗೆ ಇಳಿದವಳೇ ಅಲ್ಲ. ಅವಳು ಗದ್ದೆಯ ಅಂಚಿನ ಹುಣಿಯ ಮೇಲೆ ಕೊಡೆಯ ಅಡಿಯಲ್ಲಿ ನಿಂತು, ಕೆಳಗೆ ನೆಡುವವರಿಗೆ 'ಬೇಗ, ಬೇಗ' ಅನ್ನುವವಳು. ಹಾಡ್ತಿದ್ದದ್ದು ಅವರು. ಹಾಡಿದ್ರೆ ಕೈ ನಿಧಾನ ಆಗ್ತದೆ ಅಂತ ಅಮ್ಮ ಅದಕ್ಕೂ ಬೈತಿದ್ದಳು."

ಅಲ್ಲಿಯವರೆಗೆ ನಿಶ್ಮಿತಾ ತಾನು ಕದ್ದದ್ದು ಒಂದು ನರಿಯ ರಾಗವನ್ನು ಎಂದುಕೊಂಡಿದ್ದಳು. ಈಗ ನೋಡಿದರೆ, ಬೆನ್ನು ಬಗ್ಗಿಸಿ ನೆಟ್ಟವರ ಹಾಡನ್ನೂ ಬೆವರನ್ನೂ ತನ್ನ ಅಜ್ಜಿಯ ಹೆಸರಿಗೆ ಬರೆದು ಚಪ್ಪಾಳೆ ತೆಗೆದುಕೊಂಡಿದ್ದಳು. ಆಟದ ಹುಡುಗಿಗೆ ಅಜ್ಜಿಯ ಹಳೆಯ ಫೋಟೋದ ಮುಖವನ್ನೇ ಕೊಟ್ಟಿದ್ದಳು.

ಮರುದಿನ ಆಫೀಸಿಗೆ ರಜೆ ಹಾಕಿ ಮೊದಲು ನಾಗವೇಣಿಯವರ ಮನೆಗೆ ಹೋದಳು. ಕೂತು ಎಲ್ಲವನ್ನೂ ಹೇಳಿದಳು. ನಾಗವೇಣಿ ಮೊದಲು ನಂಬಲಿಲ್ಲ, ಆಮೇಲೆ ಕೆಂಪಾದರು.

"ಹನ್ನೆರಡು ಮಂದಿ ಹೆಂಗಸರನ್ನು ಕೋಡಂಗಿಗಳ ಹಾಗೆ ಕುಣಿಸಿದೆಯಲ್ಲ ಮಗಾ. ನಮ್ಮ ಹತ್ರ ಹಾಡು ಇರ್ಲಿಲ್ವಾ? ನಮ್ಮದನ್ನು ಬಿಟ್ಟು ಇದನ್ನು ಕಲಿತೆವು, ನಿನ್ನ ಮಾತು ನಂಬಿ."

"ತಪ್ಪಾಯ್ತು ಆಂಟಿ. ಗುಂಪಿನಲ್ಲಿ ನಾನೇ ಬರೀತೇನೆ."

"ಬರೆ. ನಿನ್ನ ತಾಯಿಗೂ ಗೊತ್ತಿತ್ತಾ?"

ನಿಶ್ಮಿತಾ ಮತ್ತೊಂದು ಸುಳ್ಳಿನ ಬಾಗಿಲಲ್ಲಿ ನಿಂತಳು. ಇದನ್ನೊಂದು ಹೇಳಿಯೇಬಿಡೋಣ ಅನ್ನಿಸಿತು. ಆದರೆ "ಅದನ್ನು ನಾನು ಹೇಳುವುದಿಲ್ಲ ಆಂಟಿ," ಅಂದಳು. ನಾಗವೇಣಿಗೆ ಉತ್ತರ ಸಿಕ್ಕಿತು. ಅವರು ಚಹಾ ಬೇಕಾ ಎಂದೂ ಕೇಳದೆ ಎದ್ದರು.

ಗೇಮಿನ ಚೀಲ ಹಿಡಿದು ಶಹಾಡಿಗೆ ಹೋದಾಗ ಸುಜನ ಗಲ್ಲಾದಲ್ಲಿದ್ದ. ಅವಳು ಬಾಯಿ ತೆರೆಯುವ ಮೊದಲೇ, "ಊಟ ಆಯ್ತಾ?" ಎಂದು ಕೇಳಿ ಒಳಗೆ ಒಂದು ಊಟ ಹೇಳಿದ. ಅವಳು ಉಣ್ಣದೆ ಅತ್ತಳು. ಹೋಟೆಲಿನ ಹುಡುಗರೆಲ್ಲ ನೋಡುತ್ತಿದ್ದರು.

"ಕೇಳು," ಅಂದ ಸುಜನ. "ನೀನು ನನಗೆ ಮೊದಲೇ ಒಂದು ಫೋನ್ ಮಾಡಿದ್ರೆ ನಾನು ಅಲ್ಲಿ ಬಾಯಿಯೇ ತೆಗೀತಿರ್ಲಿಲ್ಲ. ಅದು ಬೇಜಾರು ನನಗೆ. ಬೇರೆ ಎಂತದೂ ಇಲ್ಲ."

ಗುಂಪಿನಲ್ಲಿ ಅವಳು ನಾಲ್ಕು ಸಾಲು ಬರೆದಳು. ಕೆಲವರು ಕೈ ಮುಗಿದ ಚಿತ್ರ ಹಾಕಿದರು, ಹೆಚ್ಚಿನವರು ಏನೂ ಹಾಕಲಿಲ್ಲ. ಜಯಲತಾ ಭಜನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಮತ್ತೆ ಗೋಡೆಗೆ ಒರಗಿ ಕೂರುತ್ತಾರೆಂದು ಬೇರೆಯವರಿಂದ ತಿಳಿಯಿತು.

ಆಮೇಲಿನ ಶನಿವಾರ ನಿಶ್ಮಿತಾ ಆಟದಿಂದ ರಾಗವನ್ನು ತೆಗೆದುಹಾಕಿದಳು. ನೀರಿನ ಸದ್ದು, ಕಾಲು ಕೆಸರಿನಿಂದ ಕೀಳುವ ಸದ್ದು ಮಾತ್ರ ಉಳಿದವು. ಹುಡುಗಿಯ ಮುಖ ಬದಲಿಸಿದಳು. ಕೊನೆಯ ಹಂತ ಆ ತಿಂಗಳಲ್ಲೇ ಮುಗಿಯಿತು. ಹುಡುಗಿ ಕೊನೆಯ ಗದ್ದೆ ದಾಟಿ ಹುಣಿ ಹತ್ತಿದಾಗ ಅಲ್ಲಿ ಕೊಡೆ ಹಿಡಿದ ಒಬ್ಬಳು ನಿಂತಿರುತ್ತಾಳೆ. ಅಲ್ಲಿಂದ ಮುಂದೆ ಆಡುವವನ ಪಾತ್ರ ಆ ಹೆಂಗಸಿನದು. ಅವಳು ಗದ್ದೆಗೆ ಇಳಿಯಲಾರಳು. ಒಂದೇ ಬಟನ್, ಒತ್ತಿದರೆ 'ಬೇಗ' ಅನ್ನುತ್ತಾಳೆ, ಕೆಳಗಿನ ಹುಡುಗಿಯರು ವೇಗವಾಗಿ ಬಗ್ಗುತ್ತಾರೆ. ಆಡುವವನು ಒತ್ತುವುದನ್ನು ನಿಲ್ಲಿಸಿದಾಗ ಆಟ ಮುಗಿಯುತ್ತದೆ.

ಬಿಡುಗಡೆ ಮಾಡುವ ಮೊದಲು ತಾಯಿಗೆ ತೋರಿಸಿದಳು. ಜಯಲತಾ ಕನ್ನಡಕ ಹಾಕಿಕೊಂಡು, ಮಗಳು ಆಡುವುದನ್ನು ಕೊನೆಯವರೆಗೆ ನೋಡಿದರು. ಹುಣಿಯ ಹೆಂಗಸು ಬಂದಾಗ ಮುಖ ಸಣ್ಣದಾಯಿತು.

"ಇದು ಅಮ್ಮನಾ?"

"ಹ್ಞೂಂ. ಬೇಡ ಅಂದ್ರೆ ತೆಗೀತೇನೆ."

ಜಯಲತಾ ಪರದೆಯನ್ನೇ ನೋಡುತ್ತಿದ್ದರು. "ಕೊಡೆ ಅವಳು ಹಿಡಿದದ್ದಲ್ಲ," ಅಂದರು. "ಹಿಡಿಯುವವಳು ಒಬ್ಬಳಿದ್ದಳು. ಹಿಂದೆ ನಿಂತು, ಕೈ ಉದ್ದ ಮಾಡಿ. ಅವಳು ಮಳೆಯಲ್ಲೇ ಇರ್ತಿದ್ದಳು."

"ಯಾರು ಅವಳು?"

ಜಯಲತಾ ಹೇಳಲೆಂದು ಬಾಯಿ ತೆರೆದರು. ಮತ್ತೆ ಯೋಚಿಸಿದರು. ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದರು.

"ನಾವು 'ಓಯ್' ಅಂತ ಕರೀತಿದ್ದದ್ದು," ಅಂದರು. "ಹೆಸರು ಇತ್ತು. ಇರ್ಬೇಕಲ್ಲ." ಅಷ್ಟು ಹೇಳಿ ಎದ್ದು ಹೋಗಿ, ಒಣಗಿಯೇ ಇರದ ಬಟ್ಟೆಗಳನ್ನು ಬಾಲ್ಕನಿಯಿಂದ ತೆಗೆಯತೊಡಗಿದರು. ನಿಶ್ಮಿತಾ ತಡೆಯಲಿಲ್ಲ. ಬೆನ್ನು ತಿರುಗಿಸಿ ನಿಲ್ಲಲು ಅಮ್ಮನಿಗೆ ಏನಾದರೂ ಕೆಲಸ ಬೇಕಿತ್ತು.

ಆ ಮಧ್ಯಾಹ್ನ ಅವಳು ಕೊಡೆಯ ಹಿಂದೆ ಇನ್ನೊಬ್ಬಳನ್ನು ಬರೆದಳು. ಮುಖ ಹೇಗಿರಬೇಕೆಂದು ತಿಳಿಯದೆ ಮೂರು ಸಲ ಅಳಿಸಿ, ಕೊನೆಗೆ ಮುಖವನ್ನು ಆಚೆಗೆ ತಿರುಗಿಸಿಟ್ಟಳು.

ಆಟ ಒಂದು ಬುಧವಾರ ಹೊರಬಂತು. ಅದರ ಪುಟದಲ್ಲಿ, ಹಿಂದಿನ ರಾಗ ತನ್ನದೂ ಅಲ್ಲ, ಅಜ್ಜಿಯದೂ ಅಲ್ಲ, ಯಾವುದೋ ಹಳೆಯ ಗೇಮಿನದು ಎಂದು ಬರೆದಿದ್ದಳು. ಹೆಚ್ಚು ಜನ ಆಡಲಿಲ್ಲ. ಚಿನ್ಮಯ್ ಆಡಿ ಮೆಸೇಜು ಕಳಿಸಿದ: "ಮೇಡಂ, ಎಂಡಿಂಗ್ ಚೆನ್ನಾಗಿದೆ. ಆದ್ರೆ ನಿಜ ಹೇಳ್ತೀನಿ, ಆ ಟ್ಯೂನ್ ಇಲ್ದೆ ಮೊದಲಿನ ಮಜಾ ಇಲ್ಲ." ಐರೋಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ನಿಂತು ಅದನ್ನು ಓದಿದ ನಿಶ್ಮಿತಾ, "ಹೌದು, ನನಗೂ ಹಾಗೇ ಅನ್ನಿಸುತ್ತೆ" ಎಂದು ಬರೆದು ಗಾಡಿಗೆ ಓಡಿದಳು.